ಎಪ್ಪತ್ಮೂರರ ಕೈಗಡಿಯಾರ

ತಂದೆಯ ಕೈಗಡಿಯಾರ ತಮ್ಮನ ಪಾಲಾದದ್ದನ್ನು ಶಿವಯೋಗೀಶ ಹೇಗೋ ಸಹಿಸಿಕೊಳ್ಳಬಹುದಿತ್ತು. ತಮ್ಮನಿಗೆ ಅದರ ಯೋಗ್ಯತೆ ತಿಳಿಯದಿದ್ದುದನ್ನು ಮಾತ್ರ ಅವನಿಂದ ಸಹಿಸಲಾಗಲಿಲ್ಲ. ಬಸವಪ್ರಭು ಅದನ್ನು ಕಟ್ಟಿಕೊಂಡೇ ಸ್ಕೂಟರ್ ತೊಳೆಯುತ್ತಿದ್ದ, ಹಿತ್ತಲಿನ ನಲ್ಲಿ ಬಿಚ್ಚಿ ಜೋಡಿಸುತ್ತಿದ್ದ. ಹಳೆಯ ಚರ್ಮದ ಪಟ್ಟಿ ಹರಿದಾಗ ಧಾರವಾಡದ ಬಸ್ ನಿಲ್ದಾಣದ ಎದುರಿಗೆ ಕಪ್ಪು ರೆಕ್ಸಿನ್ ಪಟ್ಟಿ ಹಾಕಿಸಿಕೊಂಡು ಬಂದಿದ್ದ. ರೆಕ್ಸಿನ್!

ಇನ್ನೂ ಕಹಿಯಾದ ಸಂಗತಿಯೊಂದಿತ್ತು. ಹತ್ತಿಯ ದಲಾಲಿ ಮಾಡಿಕೊಂಡಿದ್ದ ತಂದೆ ತಮ್ಮ ಕೊನೆಯ ದಿನಗಳಲ್ಲಿ ಆ ಗಡಿಯಾರವನ್ನು ಮೊದಲು ಚಾಚಿದ್ದು ಹಿರಿಯ ಮಗನ ಕಡೆಗೇ. ಧಾರವಾಡದ ಹತ್ತಿರದ ಬೇಲೂರು ಕೈಗಾರಿಕಾ ಪ್ರದೇಶದ ಕಾರ್ಖಾನೆಯೊಂದರಲ್ಲಿ ಗುಣಮಟ್ಟ ಪರೀಕ್ಷಕನಾಗಿದ್ದ ಶಿವಯೋಗೀಶ ಆಗ ನಕ್ಕುಬಿಟ್ಟಿದ್ದ. "ಸೆಲ್ ವಾಚ್ ತೊಗೊಂಡು ಏನ್ ಮಾಡ್ಲಪ್ಪಾ? ಚಾವಿ ಕೊಡೂದಿದ್ರ ಇಟಗೋತಿದ್ದೆ."

ತಂದೆ ತೀರಿಕೊಂಡ ಮೇಲೆ, ಒಮ್ಮೆ ಬಸವಪ್ರಭು ಸ್ನಾನಕ್ಕೆ ಹೋದಾಗ, ಮೇಜಿನ ಮೇಲಿದ್ದ ಗಡಿಯಾರವನ್ನು ಅವನು ಬೇಸರ ಕಳೆಯಲೆಂದು ತಿರುಗಿಸಿ ನೋಡಿದ್ದ. ಬೆನ್ನಿನ ಮೇಲೆ ಎರಡು ಸಂಖ್ಯೆಗಳಿದ್ದವು. ಗಡಿಯಾರದ ಹಿಂದುಮುಂದುಗಳೆರಡನ್ನೂ ಮೊಬೈಲಿನಲ್ಲಿ ಚಿತ್ರ ತೆಗೆದುಕೊಂಡು ಹುಬ್ಬಳ್ಳಿಯ ಗೋಪನಕೊಪ್ಪದ ತನ್ನ ಮನೆಗೆ ಹೋಗಿ ಹುಡುಕಿದ. ಆ ಜಪಾನಿ ಕಂಪನಿಯ ಲೆಕ್ಕದಲ್ಲಿ ಕ್ರಮಸಂಖ್ಯೆಯ ಮೊದಲ ಅಂಕೆ ವರ್ಷದ ಕೊನೆಯ ಅಂಕೆ, ಎರಡನೆಯದು ತಿಂಗಳು. ಮೊದಲ ಅಂಕೆ ಮೂರು. ಮೂರೆಂದರೆ ಎಪ್ಪತ್ಮೂರೂ ಆಗಬಹುದು, ಎಂಬತ್ಮೂರೂ ಆಗಬಹುದು. ದಶಕವನ್ನು ಹೇಳಬೇಕಾದದ್ದು ಯಂತ್ರದ ಮಾದರಿ ಸಂಖ್ಯೆ. ಅದು ಹೇಳಿತು: ಎಪ್ಪತ್ಮೂರು. ಕ್ವಾರ್ಟ್ಜ್ ಗಡಿಯಾರವೆಂಬುದು ಇನ್ನೂ ಸಿರಿವಂತರ ಸೋಜಿಗವಾಗಿದ್ದ ಕಾಲ. ಮುಂಬಯಿಯ ಸಂಗ್ರಾಹಕನೊಬ್ಬ ಚಿತ್ರ ನೋಡಿದ್ದೇ ಹೊಸ ಮೋಟರ್‌ಸೈಕಲ್ಲಿನ ಬೆಲೆ ಹೇಳಿ, ಯಾವಾಗ ಕಳಿಸುತ್ತೀರಿ ಎಂದು ಕೇಳಿದ.

ಶಿವಯೋಗೀಶ ಮೊದಲು ಪ್ರಾಮಾಣಿಕ ದಾರಿಯನ್ನೇ, ಎಂದರೆ ಅವನ ಮಟ್ಟಿಗೆ ಪ್ರಾಮಾಣಿಕವಾದುದನ್ನು, ಪ್ರಯತ್ನಿಸಿದ.

"ಇದನ್ನ ನನಗ ಕೊಡೋ ಪ್ರಭು. ನಿನಗ ಹೊಸಾದು ಕೊಡಸ್ತೇನಿ. ನಾಡಿ ಸುದ್ದಾ ಎಣಸತೈತಿ."

"ನನ್ನ ನಾಡಿ ಎಣಸಾಕ ವಾಣಿ ಅದಾಳ ಬಿಡೋ ಅಣ್ಣಾ," ಎಂದು ಪ್ರಭು ಹೆಂಡತಿಯ ಕಡೆ ನೋಡಿ ನಕ್ಕ. "ಅಪ್ಪ ತಾನ ನನ್ನ ಕೈಗೆ ಕಟ್ಟಿದ್ದು ಇದು. ಟೈಮ್ ಖರೇ ತೋರ್ಸತೈತಿ, ಮತ್ತೇನ್ ಬೇಕು?"

ಉಳಿದದ್ದು ಅದಲುಬದಲು ಮಾತ್ರ. ಅದಕ್ಕೆ ಜೋಡಿಯಾಗುವ ಗಡಿಯಾರ ಸಿಗುವಷ್ಟರಲ್ಲಿ ಅವನ ತಾಳ್ಮೆಯೆಲ್ಲ ಸವೆದುಹೋಯಿತು. ಚಿತ್ರದಲ್ಲಿ ಬೆಳ್ಳಿ ಬಣ್ಣವಿದ್ದದ್ದು ಪೆಟ್ಟಿಗೆ ತೆರೆದಾಗ ಬೂದಿ ಬಣ್ಣಕ್ಕೆ ತಿರುಗಿರುತ್ತಿತ್ತು. ಇನ್ನೊಂದಕ್ಕೆ ತಾರೀಖಿನ ಕಿಂಡಿಯೇ ಇರಲಿಲ್ಲ. ಮತ್ತೊಂದರ ಗಾಜು ದಾರಿಯಲ್ಲೇ ಒಡೆದಿತ್ತು, ಮಾರಿದವನು ಫೋನ್ ಎತ್ತಲಿಲ್ಲ. ಕೊನೆಗೆ ಅದೇ ಕಂಪನಿಯ, ಅದೇ ಮುಖದ, ಎಂಬತ್ಮೂರರ ಅಗ್ಗದ ಗಡಿಯಾರ ಕೈಸೇರಿತು. ಅದರ ಸಂಖ್ಯೆಯೂ ಮೂರರಿಂದಲೇ ಮೊದಲಾಗುತ್ತಿತ್ತು. ವಿಧಿ ಕೊನೆಗೂ ತನ್ನತ್ತ ನೋಡಿ ನಕ್ಕಿತೆಂದು ಅವನಿಗನಿಸಿತು. ಬಸ್ ನಿಲ್ದಾಣದ ಎದುರಿನ ಅಂಗಡಿಯಿಂದಲೇ ರೆಕ್ಸಿನ್ ಪಟ್ಟಿ ತಂದು, ಸಾಬೂನು ನೀರಿನಲ್ಲಿ ತಿಕ್ಕಿ, ಬಿಸಿಲಿಗೆ ಹಾಕಿ ಹಳತುಮಾಡಿದ. ಗಾಜಿನ ಅಂಚಿನಲ್ಲಿದ್ದ ಓರೆ ಗೀರನ್ನು ಚಿತ್ರ ನೋಡಿ ಅಳೆದು ಕೊರೆದ. ಕಾರ್ಖಾನೆಯಲ್ಲಿ ಕೂದಲೆಳೆಯಷ್ಟು ವ್ಯತ್ಯಾಸಕ್ಕೂ ಮಾಲನ್ನು ತಿರಸ್ಕರಿಸುತ್ತಿದ್ದವನಿಗೆ ತನ್ನ ಕೆಲಸದಲ್ಲಿ ತಿರಸ್ಕರಿಸುವಂಥದ್ದೇನೂ ಕಾಣಲಿಲ್ಲ.

ಸಮಯ ಮತ್ತು ಸ್ಥಳವನ್ನು ಸಂಪ್ರದಾಯವೇ ಒದಗಿಸಿತು. ದಸರೆಯ ಖಂಡೇ ಪೂಜೆಯ, ಎಂದರೆ ಆಯುಧಪೂಜೆಯ, ದಿನ ಮನೆಯ ಹತಾರಗಳೆಲ್ಲ ದೇವರ ಜಗಲಿಯೇರುತ್ತವೆ. ಮರುದಿನ ಬನ್ನಿ ಮುಡಿಯುವವರೆಗೆ ಅವುಗಳಿಗೆ ವಿಶ್ರಾಂತಿ, ಯಾರೂ ಮುಟ್ಟುವಂತಿಲ್ಲ. ತಂದೆಯ ತಕ್ಕಡಿಯೊಂದಿಗೆ ಅವರ ಕೈಗಡಿಯಾರವೂ ಅಲ್ಲಿರುತ್ತದೆಂದು ಅವನು ತಾಯಿಯಿಂದ ಕೇಳಿ ತಿಳಿದಿದ್ದ. ಮುಟ್ಟಬಾರದ ವಸ್ತುವನ್ನು ಯಾರೂ ಪರೀಕ್ಷಿಸುವುದಿಲ್ಲ. ಮರುದಿನದ ಹೊತ್ತಿಗೆ ಅಸಲು ಮುಂಬಯಿಯ ದಾರಿಯಲ್ಲಿರುತ್ತದೆ.

ಅಂದು ಮಧ್ಯಾಹ್ನ ಅವನು ಧಾರವಾಡದ ಮನೆಯ ಹೊಸ್ತಿಲು ದಾಟಿದಾಗ ತಾಯಿ ಶಿವಲಿಂಗವ್ವ ಹುಬ್ಬೇರಿಸಿದರು.

"ಪ್ರತಿ ವರ್ಷ ಕಾರ್ಖಾನಿ ಪೂಜಿ ಅಂತ ತಪ್ಪಸ್ಕೋತಿದ್ದಿ. ಇವತ್ತೇನ್ ದಾರಿ ತಪ್ಪಿ ಬಂದೀ ಯೋಗಿ?"

"ಅಲ್ಲಿ ಮಷಿನ್ನಿಗೆ ಕೈ ಮುಗದು ಸಾಕಾತವ್ವಾ. ಊಟಕ್ಕಿಂತ ಮೊದ್ಲ ಲಿಂಗಪೂಜಿ ಮಾಡ್ಕೊಂಡ ಬರ್ತೇನಿ."

"ಅಯ್ಯ, ಮಾಡಪಾ!" ತಾಯಿಯ ಮುಖ ಅರಳಿತು. "ವಾಣೀ, ದೇವರ ಕೋಣಿ ಕಡೆ ಯಾರೂ ಹೋಗಬ್ಯಾಡ್ರಿ."

ಇಷ್ಟಲಿಂಗ ಪೂಜೆಗೆ ಕುಳಿತವನನ್ನು ಯಾರೂ ಎಬ್ಬಿಸುವುದಿಲ್ಲ, ಮುಚ್ಚಿದ ಬಾಗಿಲನ್ನು ಯಾರೂ ತಟ್ಟುವುದಿಲ್ಲ. ಶಿವಯೋಗೀಶ ನಿರಾತಂಕವಾಗಿ ಕೆಲಸ ಮಾಡಿದ. ಜಗಲಿಯ ಹಿತ್ತಾಳೆ ತಟ್ಟೆಯಲ್ಲಿ ಗಡಿಯಾರ ಮಲಗಿತ್ತು. ಅದರ ಗಾಜನ್ನು ಮುಚ್ಚುವಂತೆ ದಟ್ಟವಾಗಿ ವಿಭೂತಿಯ ಮೂರು ಬೆರಳಿನ ಪಟ್ಟೆ, ನಡುವೆ ಕುಂಕುಮ. ತಾನು ತಂದದ್ದರ ಬದಿಯ ಗುಂಡಿ ಎಳೆದು, ಮೊಬೈಲಿಗೆ ಸರಿಹೊಂದುವಂತೆ ಮುಳ್ಳು ತಿರುಗಿಸಿ, ಗುಂಡಿ ಒತ್ತಿದ. ಅದೇ ವಿಭೂತಿ ಗಟ್ಟಿಯಿಂದ ಅಷ್ಟೇ ಅಗಲದ ಪಟ್ಟೆಗಳನ್ನೆಳೆದು, ಅಷ್ಟೇ ಕುಂಕುಮವಿಟ್ಟು, ಅದೇ ಹೂವಿನ ಕೆಳಗೆ ಮಲಗಿಸಿದ. ಅಸಲನ್ನು ಕರವಸ್ತ್ರದಲ್ಲಿ ಸುತ್ತಿ ಜುಬ್ಬದ ಒಳಜೇಬಿಗೆ ಸೇರಿಸಿದ. ಅನಂತರ, ತಾಯಿಗೆ ಹೇಳಿದ ಮಾತು ಸುಳ್ಳಾಗಬಾರದೆಂದು, ನಿಜವಾಗಿಯೂ ಲಿಂಗಪೂಜೆಗೆ ಕುಳಿತ.

ಹೋಳಿಗೆ ಚೆನ್ನಾಗಿತ್ತು. ಇನ್ನೊಂದು ಹಾಕಿಸಿಕೊಂಡ. ಚಹಾ ಕುಡಿದು ಹುಬ್ಬಳ್ಳಿಗೆ ಹೊರಡುವುದೆಂದು ಚಪ್ಪಲಿಗೆ ಕಾಲು ತೂರಿಸುತ್ತಿರುವಾಗ, ಸಂಜೆಯ ದೀಪ ಹಚ್ಚಲು ದೇವರ ಕೋಣೆಗೆ ಹೋಗಿದ್ದ ವಾಣಿಶ್ರೀ ಬಾಗಿಲಿಗೆ ಬಂದು ನಿಂತಳು.

"ರೀ, ಒಂಚೂರ ಬರ್ರಿ ಇಲ್ಲಿ. ಮಾವಾರ ವಾಚ್ ಟಿಕ್‌ ಟಿಕ್ ಅನ್ನಾಕತ್ತೈತಿ."

ಶಿವಯೋಗೀಶನಿಗೆ ನಗು ಬಂತು. "ವಾಚ್ ಅಂದಮ್ಯಾಗ ಟಿಕ್ ಟಿಕ್ ಅನ್ನಲಾರದ ಮತ್ತೇನ್ ಅಂತೈತಿ ವಾಣಿ? ವಚನಾ ಹಾಡತೈತೇನು?"

"ಹಂಗಲ್ರೀ ಭಾವಾರ," ಎಂದಳು ಅವಳು. ಅವಳು ನಗಲಿಲ್ಲ. "ಮುಂಜಾನಿ ಪೂಜಿಗೆ ಇಡೂ ಮುಂದ ಇವರು ಗುಂಡಿ ಎಳದು ನಿಂದ್ರಸಿದ್ರು. ಎಲ್ಲಾ ಹತಾರಕ್ಕೂ ವಿಶ್ರಾಂತಿ ಅಂದ್ರ ಮುಳ್ಳಿಗೂ ವಿಶ್ರಾಂತಿ ಅಂತ ಮಾವಾರು ವರ್ಷಾ ಹಂಗ ಮಾಡ್ತಿದ್ರು. ನಿಮಗ ಗೊತ್ತಿಲ್ಲೇನ್ರಿ?"

ಅವನಿಗೆ ಗೊತ್ತಿರಲಿಲ್ಲ. ಆದರೆ ಅವನ ಬುದ್ಧಿ ಚುರುಕಾಗಿತ್ತು. "ಹೂವು ತಾಗಿ ಗುಂಡಿ ಒಳಗ ಸರದಿರಬೇಕು," ಎಂದ. ತಾಯಿ ಹೌದೆಂಬಂತೆ ತಲೆಯಾಡಿಸಿದರು, ವಾಣಿಶ್ರೀಯ ಹುಬ್ಬಿನ ಗಂಟೂ ಸಡಿಲವಾಯಿತು, ಅವನು ಇನ್ನೊಂದು ಚಪ್ಪಲಿಗೆ ಕಾಲು ಚಾಚಿದ. ಪ್ರಭು ಮಾತ್ರ ಜಗಲಿಯೆದುರು ಬಾಗಿ, ಹೊಸದಾಗಿ ಹಚ್ಚಿದ ದೀಪವನ್ನು ತಟ್ಟೆಯ ಹತ್ತಿರ ಸರಿಸಿ, ಗಾಜನ್ನು ಮುಟ್ಟದೆ, ವಿಭೂತಿ ಪಟ್ಟೆಗಳ ಸಂದಿಯಲ್ಲಿ ಮುಳ್ಳುಗಳನ್ನು ಹುಡುಕಿದ. ಮೊಬೈಲ್ ತೆಗೆದು ನೋಡಿದ. ಮತ್ತೆ ಗಡಿಯಾರ ನೋಡಿದ. "ತಾನ ಸರದಿದ್ರ ಮುಂಜಾನಿ ನಿಂತ ವ್ಯಾಳ್ಯಾದಿಂದ ಮುಂದ ನಡೀಬೇಕಿತ್ತಲ್ಲೋ ಅಣ್ಣಾ," ಎಂದ ನಿಧಾನವಾಗಿ. "ಹಿಂದ ಬೀಳಬೇಕಿತ್ತು. ಇದು ಈಗಿನ ಟೈಮಿಗೆ ಸರೀ ಐತಿ." ತಾಯಿ ಒಮ್ಮೆ ದೇವರ ಕೋಣೆಯ ಬಾಗಿಲನ್ನು, ಒಮ್ಮೆ ಒಂದೇ ಚಪ್ಪಲಿಯಲ್ಲಿ ನಿಂತ ಹಿರಿಯ ಮಗನನ್ನು ನೋಡಿದರು. ಆಮೇಲೆ ಹತ್ತಿರ ಬಂದು, ಅವನ ಜುಬ್ಬದ ಎದೆಯ ಮೇಲೆ, ಒಳಜೇಬಿನ ನೇರಕ್ಕೆ, ಹತ್ತಿದ್ದ ವಿಭೂತಿಯನ್ನೇ ನೋಡುತ್ತ, ಅಂಗೈ ಚಾಚಿದರು.