ಹವಳದ ಸರದ ಎರಡು ಗುಂಡು

"ಅಕ್ಕಾ, ನಾನು ಕದ್ದಿಲ್ಲ," ಎಂದು ಪವಿತ್ರ ಹೊಸ್ತಿಲಾಚೆಯೇ ನಿಂತು ಹೇಳಿದಳು.

ಆಲಸನತ್ತ ಬಡಾವಣೆಯಲ್ಲಿ ಏನು ಕಳೆದರೂ ಜನ ಮೊದಲು ಬರುವುದು ಚಂದ್ರಲೇಖಾ ಅವರ ಮನೆಗೆ. ಫ್ಯಾಕ್ಟರಿಯಲ್ಲಿ ಬಿಡಿಭಾಗಗಳ ತಪಾಸಣೆ ಮಾಡಿ ನಿವೃತ್ತರಾದವರು. ಮಹಡಿಯ ಬಾಡಿಗೆಯವಳಾದ ನಂದಿತಾ ಇಂಥ ಹೊತ್ತಲ್ಲಿ ಅವರ ನೆರಳು.

ಪವಿತ್ರ ಮನೆಯಲ್ಲೇ ತಂತಿ, ಮಣಿಗಳಿಂದ ಸರ ಮಾಡುತ್ತಿದ್ದಳು. ಎದುರುಮನೆಯ ಪಿಳ್ಳಮ್ಮ ದಾರ ಲಡ್ಡಾದ ತನ್ನ ಹವಳದ ಸರ ಕೊಟ್ಟು, ಒಂದೊಂದು ಮಣಿಗೂ ತಂತಿ ಪೋಣಿಸಿ ಕೊಂಡಿಕೊಂಡಿಯಾಗಿ ಕೂಡಿಸಲು ಹೇಳಿದ್ದಳು. ನಡುವೆ ಎರಡು ಚಿನ್ನದ ಗುಂಡು. ಪವಿತ್ರ ಮಿಕ್ಕ ತಂತಿಯ ಸಮೇತ ಸರ ಹಿಂದಿರುಗಿಸಿದಳು. ಆಮೇಲೆ ಪಿಳ್ಳಮ್ಮನ ಮಗ ತಿಮ್ಮರಾಜು ಅದನ್ನು ಮೆರುಗು ಹಾಕಿಸಲು ಒಯ್ದಾಗ, ಅಕ್ಕಸಾಲಿ ಗುಂಡುಗಳನ್ನು ಉಜ್ಜಿ, ಹಿತ್ತಾಳೆ ಎಂದ. ಅಂದಿನಿಂದ ಬೀದಿಯಲ್ಲಿ ಯಾರೂ ಪವಿತ್ರಳ ಕೈಗೆ ಮಣಿ ಕೊಡುತ್ತಿಲ್ಲ.

"ನಿನ್ನ ಇಕ್ಕಳ ತಾ," ಎಂದರು ಚಂದ್ರಲೇಖಾ. ಅದರ ಬಾಯಿ ನುಣ್ಣಗಿತ್ತು.

ಮೂವರೂ ಹೋದಾಗ ಎದುರುಮನೆಯ ಜಗುಲಿಯಲ್ಲಿ ಪಿಳ್ಳಮ್ಮ ಕನಕಾಂಬರ ಕಟ್ಟುತ್ತಿದ್ದಳು. "ಸೊಸೆಗೆ ಒಂದು ಮೊಳ ಹೂ ಕಟ್ಟಾಕ್ ಬರಾಕಿಲ್ಲ. ಎಲ್ಲಾ ನಾನೇ ಸಾಯ್ಬೇಕು," ಎಂದು ಗೊಣಗಿದಳು.

"ಸಿಐಡಿ ಬಂದ್ಬುಟ್ರು!" ಎಂದ ತಿಮ್ಮರಾಜು. "ಕಳ್ಳೀನೂ ಜೊತೇಗೇ ತಂದವ್ರೆ."

ಅವನ ಹೆಂಡತಿ ನಾಗವೇಣಿ ಸರ ತಂದಳು. ಚಂದ್ರಲೇಖಾ ಭೂತಗನ್ನಡಿಯಲ್ಲಿ ನೋಡಿ ನಂದಿತಾಗೆ ಕೊಟ್ಟರು. ಹವಳಗಳ ತಂತಿ ನಯವಾಗಿತ್ತು. ಗುಂಡುಗಳ ತಂತಿಯ ಮೇಲೆ ಮಾತ್ರ ಕಚ್ಚಿದ ಗುರುತು. ತುದಿಯನ್ನು ಸುತ್ತಿನ ಅಡಿಗೆ ತೂರಿಸಿ ಎಳೆದಿದ್ದರು.

"ಮನೇಲಿ ಇಕ್ಕಳ ಇದೆಯಾ ನಾಗವೇಣಿ?"

"ಗ್ಯಾಸ್ ಟ್ಯೂಬ್ ಬಿಗಿಯಾಕೆ ಒಂದದೆ." ಅದರ ಬಾಯಿ ತುಂಬ ಹಲ್ಲು.

ಇದು ತಿಮ್ಮರಾಜುವಿನದೇ ಕೆಲಸ ಎಂದುಕೊಂಡಳು ನಂದಿತಾ. ಚಂದ್ರಲೇಖಾ ಎಲ್ಲರನ್ನೂ ಒಳಗೆ ಕೂರಿಸಿದರು.

"ಪವಿತ್ರಳ ಇಕ್ಕಳಕ್ಕೆ ಹಲ್ಲಿಲ್ಲ. ಗುಂಡು ಬದಲಾಗಿದ್ದು ಸರ ಈ ಮನೆಗೆ ಬಂದ ಮೇಲೆ, ಈ ಇಕ್ಕಳದಿಂದ, ಅವಳು ಕೊಟ್ಟ ಮಿಕ್ಕ ತಂತಿಯಿಂದ."

"ನಾನ್ ಕದ್ದೆ ಅಂತೀರಾ?" ತಿಮ್ಮರಾಜು ಎದ್ದ.

"ನೀವು ಕದ್ದಿದ್ದರೆ ಅಕ್ಕಸಾಲಿಗೆ ತೋರಿಸ್ತಿರಲಿಲ್ಲ, ಕೂತ್ಕೊಳ್ಳಿ. ಪವಿತ್ರ ತಂತಿ ಸುತ್ತಿ, ತುದಿ ಕತ್ತರಿಸಿ ಒತ್ತಿಬಿಡ್ತಾಳೆ. ಇಲ್ಲಿ ತುದಿಯನ್ನು ಅಡಿಗೆ ತೂರಿಸಿ ಎಳೆದಿದೆ. ಅದು ಹೂ ಕಟ್ಟೋ ಗಂಟು. ನಾಗವೇಣಿಗೆ ಅದು ಬರೋದಿಲ್ಲ. ದಿನಾ ದಾರ ಹಿಡಿಯೋ ಬೆರಳು ತಂತಿಗೂ ಅದೇ ಗಂಟು ಹಾಕಿತು."

ಪಿಳ್ಳಮ್ಮ ತಲೆಯೆತ್ತಲಿಲ್ಲ. "ಅಂಚೆಟ್ಟೀಲಿ ನನ್ ಮಗಳವ್ಳೆ. ಬೇರೆ ಜಾತಿಯೋನ್ನ ಕಟ್ಕೊಂಡ್ಳು ಅಂತ ಇವನು ಅವಳ ಹೆಸರೂ ಎತ್ತಂಗಿಲ್ಲ ಅಂದ. ಅವಳಿಗೂ ಒಂದು ಪಾಲು ಬೇಡ್ವಾ? ಕೊಟ್ಬುಟ್ಟೆ."

"ನಿಮ್ ಒಡವೆ, ಕೊಡಿ ಅಜ್ಜಿ," ಎಂದಳು ಪವಿತ್ರ. "ನನ್ನ ಕಳ್ಳಿ ಅಂದಾಗ ಯಾಕೆ ಸುಮ್ಕಿದ್ರಿ?"

"ಅನ್ಮಾನ ನಿನ್ ಮೇಲೆ ಬಿದ್ರೆ ಇವನು ಅವಳ ಕಡೆ ನೋಡಾಕಿಲ್ಲ ಅಂದ್ಕೊಂಡೆ ಕಣಮ್ಮ."

ನಂದಿತಾಗೆ ಮುದುಕಿಯ ಮೇಲೆ ಮರುಕ ಬಂತು. ಪವಿತ್ರಳಿಗೆ ಬರಲಿಲ್ಲ.

"ಇಲ್ಲಿ ಹೇಳಿದ್ರೆ ಸಾಲ್ದು. ಬೀದೀಲಿ ಹೇಳಿ, ಬನ್ನಿ."

"ಮನೆ ಮಾನ ಹೋಯ್ತದೆ, ಒಳಗೇ ಮುಗಿಸ್ಕೊಳ್ಳಮ್ಮ," ಎಂದ ತಿಮ್ಮರಾಜು.

"ನಂದು ಹೋಗಿ ಆಯ್ತಲ್ಲ ಅಣ್ಣಾ!"

ಪಿಳ್ಳಮ್ಮ ಗೋಡೆ ಹಿಡಿದು ಎದ್ದಳು. ಪವಿತ್ರ ಕೈ ಕೊಡಲಿಲ್ಲ. ಪಕ್ಕದ ಮನೆಯ ಬಾಗಿಲನ್ನು ಮುದುಕಿಯೇ ತಟ್ಟಿ, ನಿಜ ಹೇಳಿದಳು. ಒಳಗಿನವರು ಏನೋ ಕೇಳತೊಡಗಿದರು. ಪವಿತ್ರ ಕಾಯಲಿಲ್ಲ, ಮುಂದಿನ ಮನೆಯತ್ತ ಕೈ ತೋರಿಸಿದಳು.