ಕಿತ್ತುಹಾಕಿದ ಜಾಹೀರಾತು ಪುಟಗಳು

"ಇದೇನ್ರೀ ಇದು?"

ಬೈಂಡರ್ ಹೆಮ್ಮೆಯಿಂದ ಮುಂದಿಟ್ಟ ದಪ್ಪ ಪುಸ್ತಕವನ್ನು ಅವಳು ಮೂರು ಸಲ ಮಗುಚಿ ನೋಡಿದಳು. ಕೆಂಪು ಬಟ್ಟೆಯ ರಟ್ಟು, ಬೆನ್ನ ಮೇಲೆ ಚಿನ್ನದ ಅಕ್ಷರ, ಅಚ್ಚುಕಟ್ಟಾದ ಹೊಲಿಗೆ. ಒಳಗೆ ಅರವತ್ತು ವರ್ಷ ಹಳೆಯ ಸುದ್ದಿ ವಾರಪತ್ರಿಕೆಯ ಐವತ್ತೆರಡು ಸಂಚಿಕೆಗಳು. ಆದರೆ ಒಂದಕ್ಕೂ ಮುಖಪುಟವಿಲ್ಲ, ಎಲ್ಲೂ ಒಂದು ಜಾಹೀರಾತಿಲ್ಲ.

"ಸುದ್ದಿ ಒಂದಕ್ಷರವೂ ಬಿಟ್ಟಿಲ್ಲ ಮೇಡಂ. ಜಾಹೀರಾತು ತೆಗೆದು ಹೊಲಿಯೋದೇ ನಮ್ಮ ಪದ್ಧತಿ. ಲೈಬ್ರರಿಯವರಿಗೆಲ್ಲ ಹಾಗೇ ಮಾಡ್ಕೊಡೋದು."

"ನಾನು ಲೈಬ್ರರೀನಾ?"

ಬೀದಿಯವರ ಬಾಯಲ್ಲಿ ಅವಳು ಮಾತ್ರೆ ಮೇಡಂ. ಈ ಬೈಂಡಿಂಗ್ ಅಂಗಡಿಯ ಎದುರಿನ ಔಷಧಿ ಅಂಗಡಿ ಅವಳದು. ಎಂಟು ವರ್ಷ ಹಳೇ ಪೇಪರ್ ಅಂಗಡಿಗಳ ಧೂಳು ಕುಡಿದು ಆ ಒಂದು ವರ್ಷದ ಸಂಚಿಕೆಗಳನ್ನು ಒಟ್ಟುಮಾಡಿದ್ದಳು. ಮಂತ್ರಿಗಳ ಭಾಷಣ ಯಾರಿಗೆ ಬೇಕು? ಆ ಕಾಲದ ಜನ ಯಾವ ಸೋಪಿಗೆ ಮರುಳಾದರು, ಕೆಮ್ಮಿಗೆ ಏನು ಕುಡಿದರು, ಎಂಥ ರೇಡಿಯೋಗೆ ಆಸೆಪಟ್ಟರು ಎಂಬುದು ಅವಳಿಗೆ ಬೇಕಿತ್ತು. ಮೂರು ತಿಂಗಳು ಪ್ರತಿ ಶನಿವಾರ ಮಧ್ಯಾಹ್ನ ಇದೇ ಮೇಜಿನ ಮೇಲೆ ಪುಟ ಹರಡಿ ಅದನ್ನೆಲ್ಲ ಅವನಿಗೆ ತೋರಿಸಿದ್ದಳು. ಅವನು ತುಟಿಯಂಚಿನಲ್ಲಿ ನಗುತ್ತಿದ್ದ. ಆ ನಗುವಿಗಾಗಿ ವಾರವೆಲ್ಲ ಕಾಯುತ್ತಿದ್ದೆನಲ್ಲ ಎಂದು ನೆನೆದು ಈಗ ಮೈಯೆಲ್ಲ ಉರಿಯಿತು.

"ನಾನು ಹೇಳಿದ್ದು ಒಂದಾದ್ರೂ ಕಿವಿಗೆ ಬಿತ್ತಾ ನಿಮಗೆ?"

ಬೈಂಡರ್ ಅಂಟು ಮೆತ್ತಿದ ಬೆರಳುಗಳನ್ನು ನೋಡಿಕೊಂಡ. "ನೀವು ಪುಟ ತೋರಿಸ್ತಿದ್ರಿ. ನಾನು ನಿಮ್ಮ ಮುಖ ನೋಡ್ತಿದ್ದೆ."

ಬೇರೆ ದಿನವಾಗಿದ್ದರೆ ಕರಗಿ ನೀರಾಗುತ್ತಿದ್ದಳು. ಇವತ್ತು ಮೂಗಿನ ತುದಿ ಕೆಂಪೇರಿತು. "ಗೊಂಬೆ ನೋಡೋ ಹಾಗೆ! ಆ ಪುಟಗಳೆಲ್ಲ ಎಲ್ಲಿ?"

ಮೂಲೆಯಲ್ಲಿ ಹೊಲಿಯುತ್ತಿದ್ದ ಅವನ ಅಕ್ಕ ತಲೆಯೆತ್ತಿದಳು. "ಹೇಳಪ್ಪ, ಹೇಳು."

"ವಕೀಲರ ಪುಸ್ತಕಗಳಿಗೆ... ರಟ್ಟಿನ ಒಳಮೈಗೆ ಹಳೇ ಕಾಗದ ಬೇಕಾಗುತ್ತಲ್ಲ, ಅಂಟಿಸಿಬಿಟ್ಟೆ."

ಅವಳು ಪುಸ್ತಕವನ್ನು ಅಲ್ಲೇ ಬಿಟ್ಟು ದುಡುದುಡು ಹೊರಟುಹೋದಳು.

ಎರಡು ಶನಿವಾರ ಆ ಕಡೆ ತಲೆ ಹಾಕಲಿಲ್ಲ. ಅವನ ಅಂಗಡಿ ಕಾಣದಂತೆ ಕಿಟಕಿಯಲ್ಲಿ ಔಷಧಿ ಡಬ್ಬಗಳನ್ನು ಪೇರಿಸಿದಳು. ಗಿರಾಕಿಗಳ ಮೇಲೆ ಸುಮ್ಮಸುಮ್ಮನೆ ಹರಿಹಾಯ್ದಳು. ಪತ್ರಿಕೆ ಹೋದ ಸಂಕಟ ಒಂದು ಕಡೆ. ಮನಸ್ಸು ಕೊಟ್ಟವನು ತನ್ನ ಒಂದು ಮಾತನ್ನೂ ಕೇಳಿಸಿಕೊಂಡಿರಲಿಲ್ಲ ಎಂಬುದು ಅದಕ್ಕಿಂತ ಹೆಚ್ಚು ಸುಡುತ್ತಿತ್ತು. ಅಂಥವನ ಜೊತೆ ಬದುಕುವುದು ಹೇಗೆ?

ಮೂರನೇ ಶನಿವಾರ ಅವನ ಅಕ್ಕನೇ ಬಂದಳು. "ತಲೆನೋವಿಗೆ ಮಾತ್ರೆ ಕೊಡಮ್ಮ. ಈ ತಲೆನೋವು ತಂದಿಟ್ಟದ್ದು ನನ್ನ ತಮ್ಮ. ಒಂದ್ಸಲ ಬಂದು ನೋಡು, ಅವನಿಗೆ ತಲೆ ಕೆಟ್ಟಿದೆ."

ಹೋಗಿ ನೋಡಿದರೆ ಅವನ ಅಂಗಡಿಯ ನೆಲದ ತುಂಬ ರಟ್ಟು ಕಳಚಿದ ಪುಸ್ತಕಗಳು. ತಾನೇ ಮುಗಿಸಿದ್ದ ವಕೀಲರ ಹನ್ನೊಂದು ಪುಸ್ತಕಗಳನ್ನು ಅವನು ಬಿಚ್ಚಿಹಾಕಿದ್ದ. ಒದ್ದೆ ಬಟ್ಟೆಯಲ್ಲಿ ನೆನೆಸಿ ಬಿಡಿಸಿದ ಜಾಹೀರಾತುಗಳು ದಾರದ ಮೇಲೆ ಸಾಲಾಗಿ ಒಣಗುತ್ತಿದ್ದವು.

"ಯಾರು ಹೇಳಿದ್ರು ಇದನ್ನ ಮಾಡೋಕೆ? ವಕೀಲರು ಸುಮ್ನೆ ಬಿಡ್ತಾರಾ?"

"ಬಾಯಿಗೆ ಬಂದ ಹಾಗೆ ಬೈದ್ರು. ನೀವೂ ಬೈಯಿರಿ," ಅವನ ದನಿಯೂ ಏರಿತು. "ಆದ್ರೆ ಮೊದಲು ಇಲ್ಲಿ ನೋಡಿ. ಇಪ್ಪತ್ತನೇ ವಾರದವರೆಗೂ ಫ್ಯಾನಿನ ಜಾಹೀರಾತು. ಆಮೇಲೆ ಒಂದೂ ಇಲ್ಲ. ಅದೇ ಜಾಗದಲ್ಲಿ ಲಾಟೀನು, ಮೇಣದಬತ್ತಿ. ಊರಲ್ಲಿ ಕರೆಂಟೇ ಇರ್ಲಿಲ್ಲ ರೀ! ಸುದ್ದೀಲಿ ಅದರ ಸುಳಿವೇ ಇಲ್ಲ. ಎರಡು ಸಲ ಓದಿದೆ."

ಎಂಟು ವರ್ಷದಲ್ಲಿ ಅವಳ ಕಣ್ಣಿಗೆ ಬೀಳದ ಸಂಗತಿ. ಮೊದಲು ಹೊಟ್ಟೆಕಿಚ್ಚಾಯಿತು. ಆಮೇಲೆ ದಾರದ ಹತ್ತಿರ ಹೋಗಿ ಲಾಟೀನಿನ ಪುಟಗಳನ್ನು ಒಂದೊಂದಾಗಿ ನೋಡಿದಳು.

"ಕೇಳಿಸ್ಕೊಳ್ಳದೆ ಇದ್ದದ್ದು ನನ್ನ ತಪ್ಪು," ಎಂದ ಅವನು, ಈಗ ಮೆಲ್ಲಗೆ. "ನೀವಂದ್ರೆ ನಂಗೆ ಪ್ರಾಣ. ಹೇಳೋಕೆ ಧೈರ್ಯ ಸಾಲದೆ ನಕ್ಕೊಂಡು ಕೂತಿದ್ದೆ. ನಾಲ್ಕು ಪುಟ ಮಾತ್ರ ಬಿಡಿಸುವಾಗ ಹರಿದುಹೋದ್ವು."

"ನಾಲ್ಕಾ! ತಪ್ಪಾಯ್ತು ಅಂದ್ರೆ ಮುಗೀತು ಅಂದ್ಕೊಂಡ್ರಾ? ಆ ನಾಲ್ಕು ಪುಟಕ್ಕೆ ಮದುವೆ ಆದ್ಮೇಲೂ ಬೈತಾನೇ ಇರ್ತೀನಿ ನಾನು!"

ಅವನ ಕೈಯಲ್ಲಿದ್ದ ಒದ್ದೆ ಬಟ್ಟೆ ನೆಲಕ್ಕೆ ಬಿತ್ತು. ತಾನು ಏನಂದೆ ಎಂಬುದು ಅವಳಿಗೆ ಆಗಲೇ ಹೊಳೆದದ್ದು. ಕೆನ್ನೆ ಬಿಸಿಯಾಯಿತು, ಆದರೆ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳಲು ಮನಸ್ಸಾಗಲಿಲ್ಲ.

"ಎಷ್ಟು ವರ್ಷ ಬೈತೀರಿ?" ಎಂದ ಅವನು, ಉಸಿರು ಬಿಗಿಹಿಡಿದು.

"ಸಾಯೋವರೆಗೂ," ಎಂದಳು ಅವಳು, ಸಿಟ್ಟಿನಿಂದ ಕಣ್ಣೊರೆಸಿಕೊಳ್ಳುತ್ತ.