ಒಂದೇ ಹರಿವಾಣ, ಐದು ಹೊಟ್ಟೆ

“ಈ ಮನೇಲಿ ಬೇರೆ ತಟ್ಟೆ ಅಂತ ಇರೋದು ಬೆಕ್ಕಿಗೆ ಮಾತ್ರ. ನಿನ್ನ ಹೆಂಡ್ತಿ ಬೆಕ್ಕಾಗಿದ್ರೆ ಹೇಳಪ್ಪ, ನಾಳೆಯಿಂದ ಆ ಮೂಲೇಲಿ ಇಡಿಸೋಣ.”

ಅಣ್ಣ ಮಾಸಾಂಬ ಇದನ್ನು ಕೂಗಿ ಹೇಳಲಿಲ್ಲ, ನಗುತ್ತ ಹೇಳಿದ. ಕೂಗಿದ್ದರೆ ಬಿರಾಮನಿಗೆ ಅಷ್ಟು ಉರಿಯುತ್ತಿರಲಿಲ್ಲ. ಶುಕ್ರವಾರದ ನಮಾಜು ಮುಗಿಸಿ ಅಣ್ಣನ ಜೊತೆ ಬಂದಿದ್ದ ಮೂವರು ಹಿರಿಯರು ಬೇವಿನ ಮರದಡಿ ತಮ್ಮ ಪಾಲಿನ ಹರಿವಾಣದ ಸುತ್ತ ಕೂತಿದ್ದರು. ತುತ್ತು ಹಿಡಿದ ಕೈಯನ್ನು ಹಾಗೇ ನಿಲ್ಲಿಸಿ ಅವರೂ ನಕ್ಕರು. ಬಿರಾಮ ಅಂಗಳದ ನಡುವೆ ತಟ್ಟೆ ಹಿಡಿದು ನಿಂತಿದ್ದ. ತಟ್ಟೆಯಲ್ಲಿ ಬೀದಿಯ ಅಡುಗೆಯವಳಿಂದ ತಂದ ಅನ್ನ, ಅದರ ಮೇಲೆ ಕಡಲೆಕಾಯಿಯ ಗಟ್ಟಿ ಸಾರು, ಎರಡು ತುಂಡು ಮೀನು. ಅದು ಕುಂಬಾಳಿಗೆ, ಅವನ ಹೆಂಡತಿಗೆ, ನಾಲ್ಕು ತಿಂಗಳ ಬಾಣಂತಿಗೆ... ಮೂರು ದಿನದಿಂದ ಅವಳ ಎದೆಯಲ್ಲಿ ಹಾಲು ಬತ್ತಿತ್ತು. ಮಗು ಬರಿದಾದ ಮೊಲೆಯನ್ನು ಕಚ್ಚಿ ಕಚ್ಚಿ ಅತ್ತು, ಅಳುವುದಕ್ಕೂ ತ್ರಾಣವಿಲ್ಲದೆ ಮಲಗಿಬಿಟ್ಟಿತ್ತು.

ಮಾಸಾಂಬ ಅಲ್ಲಿಗೂ ಬಿಡಲಿಲ್ಲ. ಐದನೇ ಕ್ಲಾಸಿಗೇ ಪುಸ್ತಕ ಎಸೆದು ದೋಣಿಗೆ ಮೊಳೆ ಹೊಡೆಯಲು ಹೋದವನು ಈಗ ದೊಡ್ಡ ಡಾಕ್ಟರಾಗಿದ್ದಾನೆ ನೋಡಿ, ಎಂದು ಹಿರಿಯರ ಕಡೆ ತಿರುಗಿ ಹೇಳಿದ. ಬೇರೆ ತಟ್ಟೆ ಬೇಕಾದವರು ಬೇರೆ ಮನೆಯನ್ನೂ ನೋಡಿಕೊಳ್ಳಲಿ ಎಂದೂ ಸೇರಿಸಿದ. ಕುಂಬಾ ತಲೆ ತಗ್ಗಿಸಿ ತಟ್ಟೆಯನ್ನು ಮುಟ್ಟಲೇ ಇಲ್ಲ. ಅತ್ತಿಗೆ ಪೆಂದಾ ಮಾತ್ರ ಏನೂ ಕೇಳಿಸದವಳಂತೆ ಹರಿವಾಣದ ನಡುವಿನ ಮೀನನ್ನು ಮುರಿದು, ಒಬ್ಬೊಬ್ಬರ ಎದುರಿಗೂ ಹಾಕುತ್ತಿದ್ದಳು. ಕಲ್ಲು ಹೆಂಗಸು, ಅಂದುಕೊಂಡ ಬಿರಾಮ. ಅವತ್ತು ಅವನಿಗೆ ಅಣ್ಣನಿಗಿಂತ ಅವಳ ಮೇಲೇ ಹೆಚ್ಚು ಸಿಟ್ಟು ಬಂತು.

ಈ ಬೆಂಕಿ ಹೊತ್ತಿದ್ದು ಒಂದು ಚೀಟಿಯಿಂದ. ಆರು ತಿಂಗಳ ಹಿಂದೆ ಪುರಸಭೆಯ ಗುಮಾಸ್ತ ಮಾಸಾಂಬ ಕಚೇರಿಯ ಮೆಟ್ಟಿಲಲ್ಲೇ ತಲೆಸುತ್ತಿ ಬಿದ್ದಿದ್ದ. ಸಕ್ಕರೆ ಕಾಯಿಲೆ, ಮೇಲೆ ನೂರಹದಿನೆಂಟು ಕಿಲೋ ಮೈ. ಡಾಕ್ಟರು ಒಂದು ಚೀಟಿ ಬರೆದುಕೊಟ್ಟರು. ಅನ್ನ ಅರ್ಧಕ್ಕೂ ಕಡಿಮೆ, ಎಣ್ಣೆ ಎರಡೇ ಚಮಚ, ಕಡಲೆಕಾಯಿ ಸಾರು ಬಂದ್, ಸಂಜೆಗೆ ಬರೀ ಸೊಪ್ಪಿನ ನೀರು. ನಿಜ ಹೇಳಬೇಕೆಂದರೆ, ಆ ಚೀಟಿಯನ್ನು ಅವನು ಪಾಲಿಸಿದ ರೀತಿಗೆ ಕೈಮುಗಿಯಬೇಕು. ಕಡಲದಡದ ರುಫಿಸ್ಕಿನಂಥ ಊರಿನಲ್ಲಿ, ಮೂಲೆಮೂಲೆಗೂ ಮೀನು ಹುರಿಯುವ ಬಾಣಲೆಗಳಿರುವ ಊರಿನಲ್ಲಿ, ಆ ಮನುಷ್ಯ ಮೂಗು ಮುಚ್ಚಿಕೊಂಡು ನಡೆದ. ಊಟವಾದ ಮೇಲಿನ ಮೂರು ಸುತ್ತಿನ ಚಹಾವನ್ನೂ ಸಕ್ಕರೆಯಿಲ್ಲದೆ ಕುಡಿದ. ಐದು ತಿಂಗಳಲ್ಲಿ ಇಪ್ಪತ್ತೆರಡು ಕಿಲೋ ಇಳಿದ. ಓಣಿಯೇ ಮೆಚ್ಚಿತು. ಬಿರಾಮನೂ ಮೆಚ್ಚಿದ.

ಆದರೆ ಆ ಮನೆಯಲ್ಲಿ ಮನೆಮಂದಿಯ ಊಟಕ್ಕೆ ಇದ್ದದ್ದು ಒಂದೇ ಹರಿವಾಣ. ಅಪ್ಪನ ಕಾಲದ್ದು, ಬಿಳಿ ಪಿಂಗಾಣಿ ಲೇಪದ್ದು, ಅಂಚಿನಲ್ಲಿ ಸುತ್ತಲೂ ನೀಲಿ ಹೂವು. ಐದು ಜನ ಅದರ ಸುತ್ತ ಮಂಡಿಯೂರಿ ಕೂರಬೇಕು, ಬಿಸ್ಮಿಲ್ಲಾ ಎನ್ನಬೇಕು, ಅವರವರ ಎದುರಿನದನ್ನೇ ಅವರವರು ಉಣ್ಣಬೇಕು. ಇನ್ನೊಬ್ಬರ ಎದುರಿಗೆ ಕೈ ಹರಿದರೆ, ಅಷ್ಟೇಕೆ, ಕಣ್ಣು ಹರಿದರೂ ಅದು ಹೊಟ್ಟೆಬಾಕತನ. ಹರಿವಾಣ ಒಡೆದರೆ ಮನೆ ಒಡೆಯಿತು ಎಂದೇ ಲೆಕ್ಕ. ಹಾಗಾಗಿ ಒಬ್ಬನಿಗೆ ಬರೆದ ಚೀಟಿ ಐವರ ಹೊಟ್ಟೆಗೂ ಕಾನೂನಾಯಿತು. ಮಾಸಾಂಬ ಅದನ್ನು ಅಡುಗೆಮನೆಯ ಗೋಡೆಗೆ ಅಂಟಿಸಿ, ನನ್ನ ಜೀವ ಉಳಿಸಿದ್ದು ನಿಮಗೆ ವಿಷವಾಗುತ್ತಾ, ಎಂದು ಕೇಳಿದ. ಕೆಟ್ಟ ಮನಸ್ಸಿನಿಂದ ಅಲ್ಲ. ಪ್ರೀತಿಯಿಂದಲೇ ಕೇಳಿದ.

ಆ ಪ್ರೀತಿ ಒಬ್ಬೊಬ್ಬರನ್ನು ಒಂದೊಂದು ರೀತಿ ತಿಂದಿತು. ಎಪ್ಪತ್ತೆರಡರ ಅಮ್ಮ ಯಂದೆ ಮೊದಲೇ ಕಡ್ಡಿ, ಹಲ್ಲಿಲ್ಲದ ಬಾಯಿ. ಬೆಂದೂ ಬೇಯದ ಎಲೆಕೋಸನ್ನು ಅಗಿಯಲಾಗದೆ ಸೆರಗಿನಲ್ಲಿ ಉಗುಳಿಕೊಂಡು, ಹೊಟ್ಟೆ ತುಂಬಿತು ಮಗಾ ಎನ್ನುತ್ತಿದ್ದಳು. ಹಾಸಿಗೆಯಿಂದ ಏಳಲು ಗೋಡೆ ಹಿಡಿಯುವಂತಾದಳು. ಕುಂಬಾಳ ಕಥೆ ಹೇಳಿಯಾಯಿತು. ದಿನವೆಲ್ಲ ಬಿಸಿಲಲ್ಲಿ ದೋಣಿಯ ಮರ ಕೆತ್ತಲು ಬಾಚಿ ಬೀಸುವ ಬಿರಾಮನ ಕೈ ಮಧ್ಯಾಹ್ನದ ಮೇಲೆ ಸೋಲತೊಡಗಿತು. ಎಲ್ಲಕ್ಕಿಂತ ವಿಚಿತ್ರ ಪೆಂದಾಳದು. ದಪ್ಪ ಮೈ, ಮಕ್ಕಳಿಲ್ಲದ ಹನ್ನೆರಡು ವರ್ಷದ ಸಂಸಾರ. ಗಂಡ ಉಂಡಷ್ಟೇ ಉಂಡಳು, ಅವನಿಗಿಂತ ಕಡಿಮೆಯೇ ಉಂಡಳು. ಅವನು ಇಪ್ಪತ್ತೆರಡು ಕಿಲೋ ಇಳಿದರೆ ಅವಳು ಒಂದು ಕಿಲೋ ಏರಿದಳು. “ಕದ್ದು ತಿಂತಾಳೆ,” ಎಂದು ಮಾಸಾಂಬ ಬಂದವರ ಮುಂದೆಲ್ಲ ತಮಾಷೆ ಮಾಡಿದ.

ಬೆಕ್ಕಿನ ಮಾತು ಕೇಳಿದ ಮೂರನೇ ದಿನ ಬಿರಾಮ ಬಟ್ಟೆಬರೆ ಗಂಟು ಕಟ್ಟಿದ. ಮಾರುಕಟ್ಟೆಯ ಆಚೆ ಒಂದು ಕೋಣೆ ನೋಡಿಯೂ ಬಂದಿದ್ದ. ಅಮ್ಮ ಬಾಗಿಲಿನ ಚೌಕಟ್ಟು ಹಿಡಿದು ನಿಂತು, ನನ್ನ ಹೆಣ ಎತ್ತಿ ಆಮೇಲೆ ಹೋಗು ಎಂದು ಮೆಲ್ಲಗೆ ಹೇಳಿದಳು. ಅವನು ಗಂಟಿನಿಂದ ಕೈ ತೆಗೆದ. ಆದರೆ ಒಳಗೆ ಮಗು ಮತ್ತೆ ಅಳಲು ಶುರುಮಾಡಿತು. ಅವನು ಗಂಟು ಎತ್ತಿಯೇಬಿಟ್ಟ.

ಆಗ ಪೆಂದಾ ಅಡುಗೆಮನೆಯಿಂದ ಹೊರಗೆ ಬಂದಳು.

“ಗಂಟು ಇಳಿಸು ಬಿರಾಮ. ಹತ್ತು ದಿನ ಕೊಡು ನಂಗೆ.”

“ಹತ್ತು ದಿನದಲ್ಲಿ ಏನಾಗುತ್ತೆ ಅತ್ತಿಗೆ? ಅಣ್ಣ ಬದಲಾಗ್ತಾನಾ?”

“ಅವರು ಬದಲಾಗೋದು ಬೇಡ. ಆ ಚೀಟಿ ಅವರಿಗೆ ಸರಿಯಾಗೇ ಇದೆ. ಅದನ್ನ ನಮ್ಮೆಲ್ಲರ ಹೊಟ್ಟೆಗೂ ಹೊಲಿದಿದ್ದೇ ತಪ್ಪು. ಹೊಲಿದವಳು ನಾನು. ಬಿಚ್ಚೋಳೂ ನಾನೇ.”

ಹಿಂದಿನ ದಿನ ಅವಳು ಕುಂಬಾಳನ್ನೂ ಮಗುವನ್ನೂ ಕರೆದುಕೊಂಡು ತಾಯಿಮಕ್ಕಳ ದವಾಖಾನೆಗೆ ಹೋಗಿದ್ದಳಂತೆ. ಗೋಡೆಯ ಚೀಟಿಯನ್ನು ಕಿತ್ತು ಮಡಿಚಿ ಸೆರಗಿನಲ್ಲಿ ಕಟ್ಟಿಕೊಂಡು ಹೋಗಿ ಅಲ್ಲಿಯ ಮುದುಕಿ ನರ್ಸಮ್ಮನಿಗೆ ತೋರಿಸಿದಳು. ಇದು ಯಾರದು ಎಂದು ನರ್ಸಮ್ಮ ಕೇಳಿದಳು. ಗಂಡನದು ಎಂದಳು ಪೆಂದಾ. “ಗಂಡನ ಕನ್ನಡಕಾನೂ ಮನೆಮಂದಿಯೆಲ್ಲ ಸರದಿ ಮೇಲೆ ಹಾಕ್ಕೋತೀರಾ?” ಎಂದು ಗದರಿ, ನರ್ಸಮ್ಮ ಎಲ್ಲ ಬಿಡಿಸಿ ಹೇಳಿದಳು. ಹಾಲೂಡುವವಳಿಗೆ ಇಬ್ಬರ ಪಾಲು ಬೇಕು, ಕಡಲೆಕಾಯಿ ಬೇಕು, ಮೀನು ಬೇಕು. ಮುದುಕಿಗೆ ಮೆತ್ತಗಿನದು ಬೇಕು, ಅವಳು ಒಂದು ಕಿಲೋ ಇಳಿದರೂ ಅದು ಸಾವಿನ ಕಡೆಗಿನ ಹೆಜ್ಜೆ. ಮೈಮುರಿದು ದುಡಿಯುವವನಿಗೆ ಅನ್ನವೇ ಸೌದೆ. ಆಮೇಲೆ ಪೆಂದಾಳ ಕತ್ತನ್ನು ಮುಟ್ಟಿ ನೋಡಿ, ರಕ್ತ ತೆಗೆಸಿದಳು. ಕತ್ತಿನ ಗ್ರಂಥಿ ಸೋತಿತ್ತು. ಉಪವಾಸ ಬಿದ್ದರೂ ಆ ಮೈ ಇಳಿಯದು, ಅದಕ್ಕೆ ಬೇಕಾದದ್ದು ಮಾತ್ರೆ. “ನೀನು ಕದ್ದು ತಿಂದಿಲ್ಲ ಮಗಳೇ,” ಎಂದಳಂತೆ ನರ್ಸಮ್ಮ. ಆರು ತಿಂಗಳಲ್ಲಿ ಆ ಮಾತನ್ನು ಯಾರಾದರೂ ಹೇಳಿದ್ದು ಅದೇ ಮೊದಲು. ಪೆಂದಾ ಅಲ್ಲೇ ಬೆಂಚಿನ ಮೇಲೆ ಕೂತು ಅತ್ತಳು. ಇದನ್ನೆಲ್ಲ ಬಿರಾಮನಿಗೆ ಆಮೇಲೆ ಹೇಳಿದವಳು ಕುಂಬಾ. ಪೆಂದಾ ಹೇಳಿದವಳಲ್ಲ.

ಬಿರಾಮ ಗಂಟು ಇಳಿಸಿದ, ಅರೆಮನಸ್ಸಿನಿಂದ. ಮಾರನೆಯ ದಿನದಿಂದ ಪೆಂದಾ ಒಂದು ಹೊಸ ಪದ್ಧತಿ ಮಾಡಿದಳು: ಎಲ್ಲರೂ ದಿನಾ ಅದದೇ ಜಾಗದಲ್ಲಿ ಕೂರಬೇಕು. ಚಾಪೆ ಹರಿಯುತ್ತಿದೆ ಎಂದೇನೋ ನೆಪ. ಯಾಕೆಂದು ಯಾರೂ ಕೇಳಲಿಲ್ಲ. ಹರಿವಾಣ ಎಂದಿನಂತೆಯೇ ಬಂತು, ಮೇಲೆ ಎಲ್ಲ ಕಡೆಗೂ ಕೆಂಪಗಿನ ಅನ್ನದ ಒಂದೇ ಹೊದಿಕೆ. ಬಿರಾಮ ಬೆರಳು ಇಳಿಸಿದ. ಎರಡು ಗೆಣ್ಣು ಇಳಿಯಿತು, ಮೂರು ಗೆಣ್ಣು ಇಳಿಯಿತು, ಅನ್ನವೇ ಅನ್ನ. ಎಷ್ಟೋ ತಿಂಗಳಿಂದ ಅವನ ಬೆರಳು ಅಷ್ಟು ಆಳಕ್ಕೆ ಇಳಿದಿರಲಿಲ್ಲ. ಪಕ್ಕದಲ್ಲಿ ಕುಂಬಾ ಒಂದು ತುತ್ತು ಬಾಯಿಗಿಟ್ಟು ಗಕ್ಕನೆ ನಿಂತಳು, ಅವಳ ಕಣ್ಣು ತುಂಬಿತು. ಅಮ್ಮ ಸೆರಗಿಗೆ ಏನನ್ನೂ ಉಗುಳಲಿಲ್ಲ.

ಎಂಟನೆಯ ದಿನ ಅವನಿಗೆ ಗುಟ್ಟು ಹೊಳೆಯಿತು. ಹರಿವಾಣದ ಅಂಚಿನಲ್ಲಿ ಒಂದು ನೀಲಿ ಹೂವು ಒಡೆದಿತ್ತು. ಒಡೆದ ಆ ಹೂವು ದಿನಾ ಅಣ್ಣನ ಎದುರಿಗೇ ಬಂದು ನಿಲ್ಲುತ್ತಿತ್ತು. ಮಾರನೆಯ ದಿನ ಕೆಲಸ ಬಿಟ್ಟು ಬೇಗ ಬಂದು ಅಡುಗೆಮನೆಯ ಬಾಗಿಲಲ್ಲಿ ನಿಂತು ನೋಡಿದ.

ಪೆಂದಾ ಮೊದಲು ಒಡೆದ ಹೂವನ್ನು ತನ್ನ ಕಡೆ ತಿರುಗಿಸಿಕೊಂಡಳು. ಅದರ ಎದುರಿಗೆ ಬೆಂದ ಎಲೆಕೋಸು, ಬದನೆ, ಸೊಪ್ಪು, ದೊಡ್ಡ ಮೀನಿನ ತುಂಡು, ಅದರ ಮೇಲೆ ತೆಳ್ಳಗೆ ಅನ್ನ. ಅದರ ಬಲಕ್ಕೆ ಮುಳ್ಳು ಬಿಡಿಸಿದ ಮೀನನ್ನು ಸಜ್ಜೆಯ ಗಂಜಿಯೊಂದಿಗೆ ಹಿಸುಕಿ ಅಮ್ಮನಿಗೆ. ಆಚೆಗೆ ಕಡಲೆಕಾಯಿಯ ಗಟ್ಟಿ ಸಾರು, ಮೀನಿನ ತಲೆ, ಅನ್ನ, ಮತ್ತೆ ಸಾರು, ಅದು ಕುಂಬಾಳಿಗೆ. ಬಿರಾಮನಿಗೆ ಅನ್ನದ ಗುಡ್ಡೆ. ತನ್ನ ಎದುರಿಗೆ ನರ್ಸಮ್ಮ ಹೇಳಿದಷ್ಟು. ಒಂದರ ಸಾರು ಇನ್ನೊಂದಕ್ಕೆ ಹರಿಯದಂತೆ ನಡುವೆ ಗೆಣಸಿನ ಹೋಳುಗಳ ಬದು. ಕೊನೆಗೆ ಎಲ್ಲದರ ಮೇಲೂ ಕೆಂಪು ಅನ್ನವನ್ನು ಅಂಗೈಯಿಂದ ಸವರಿ ಸಮ ಮಾಡಿದಳು. ಐದು ಅಡುಗೆ ಒಂದಾಗಿ ಮುಚ್ಚಿಹೋಯಿತು.

ಬಿರಾಮ ಕಸುಬುದಾರ. ಹಲಗೆಗೆ ಹಲಗೆ ಕೂಡಿಸಿ ನೀರು ನುಗ್ಗದಂತೆ ಮಾಡುವವನು. ಇಂಥ ಕೂಡಿಕೆಯನ್ನು ಅವನು ಕಂಡಿರಲಿಲ್ಲ. ಒಂದು ದೋಣಿ ಭಾರ ಇಳಿಸಿದರೆ ತೇಲುತ್ತದೆ, ಇನ್ನೊಂದು ಅದೇ ಭಾರ ಇಳಿಸಿದರೆ ಮಗುಚುತ್ತದೆ. ದಡದಲ್ಲಿ ಹುಟ್ಟಿದ ಮಕ್ಕಳಿಗೂ ಗೊತ್ತಿರುವ ಮಾತು ಅದು. ಅದನ್ನು ಅವನು ಅಣ್ಣನ ಮುಖಕ್ಕೆ ಎಸೆದು ಜಗಳವಾಡಬೇಕೆಂದಿದ್ದ. ಅವಳು ಅದನ್ನು ಜಗಳವಿಲ್ಲದೆ ಬಡಿಸಿದ್ದಳು.

“ನೀವು ಹೇಳಿಬಿಡಬೇಕು ಅತ್ತಿಗೆ,” ಎಂದ. “ಎಲ್ಲರ ಮುಂದೆ ಹೇಳಬೇಕು. ಕದ್ದು ತಿಂತಾಳೆ ಅಂದನಲ್ಲ ನಿಮ್ಮನ್ನ.”

ಪೆಂದಾ ಕೈ ಒರೆಸಿಕೊಂಡಳು.

“ನಿಮ್ಮಪ್ಪನ ಕಾಲು ಕತ್ತರಿಸಿದಾಗ ನಿಂಗೆ ಆರು ವರ್ಷ. ನಿಂಗೆ ಸರಿಯಾಗಿ ನೆನಪಿರಲಿಕ್ಕಿಲ್ಲ. ಅದೇ ಸಕ್ಕರೆ ಕಾಯಿಲೆ. ಆ ಹುಣ್ಣು ತೊಳೀತಿದ್ದಿದ್ದು ನಿಮ್ಮಣ್ಣ. ದಿನಕ್ಕೆ ಎರಡು ಸಲ, ಒಂದು ವರ್ಷ. ಈಗಲೂ ನಿದ್ದೇಲಿ ತಮ್ಮದೇ ಕಾಲು ಮುಟ್ಟಿ ನೋಡ್ಕೋತಾರೆ. ಆ ಚೀಟಿ ಹಿಡ್ಕೊಂಡೇ ಅವರು ನಿಂತಿರೋದು ಬಿರಾಮ. ಅದು ಎಲ್ಲರಿಗೂ ಅಲ್ಲ ಅಂದ್ರೆ, ನಂಗೂ ಅಲ್ವೇನೋ ಅಂತ ಬಿಟ್ಟುಬಿಡ್ತಾರೆ. ಬಿಟ್ಟರೆ...”

ಹರಿವಾಣ ಎತ್ತಿಕೊಂಡು ಹೊರಟಳು. ಬಿರಾಮ ದಾರಿ ಬಿಟ್ಟು ನಿಂತ. ಇವಳನ್ನು ಕಲ್ಲು ಅಂದಿದ್ದೆನಲ್ಲ ಎಂದು ತನ್ನ ಬಾಯಿಗೆ ತಾನೇ ಹೊಡೆದುಕೊಳ್ಳಬೇಕೆನ್ನಿಸಿತು.

ಮೂರು ತಿಂಗಳು ಕಳೆಯಿತು. ಕುಂಬಾಳ ಎದೆಯಲ್ಲಿ ಹಾಲು ತುಂಬಿತು. ಮಗುವಿನ ಮಣಿಕಟ್ಟಿನಲ್ಲಿ ಮಡಿಕೆ ಮೂಡಿತು. ಅಮ್ಮ ಗೋಡೆ ಬಿಟ್ಟು ಮಸೀದಿಯ ತಿರುವಿನವರೆಗೆ ನಡೆದು ಬಂದಳು. ಪೆಂದಾಳ ಮುಖದ ಊತ ಇಳಿಯಿತು, ನಗುವೂ ಬಂತು. ಮಾಸಾಂಬನ ಸಕ್ಕರೆ ಹತೋಟಿಗೆ ಬಂದಿದೆಯೆಂದು ಡಾಕ್ಟರೇ ಬೆನ್ನು ತಟ್ಟಿದರು. ಪೆಂದಾ ಮತ್ತೆ ಅಂಟಿಸಿದ್ದ ಚೀಟಿ ಅಡುಗೆಮನೆಯ ಗೋಡೆಯ ಮೇಲೆ ಹಾಗೇ ಇತ್ತು.

ಮತ್ತೊಂದು ಶುಕ್ರವಾರ. ಬೇವಿನ ಮರದಡಿ ಅದೇ ಮೂವರು ಹಿರಿಯರು. ಮಾಸಾಂಬ ಊಟದ ನಡುವೆ ಎಡಗೈಯಲ್ಲಿ ಮಗುವನ್ನು ಎತ್ತಿ ತೊಡೆಯ ಮೇಲೆ ಕೂರಿಸಿಕೊಂಡ. ಸತ್ತ ತಂದೆಯ ಹೆಸರಿಟ್ಟ ಮಗು. ಅದಕ್ಕೇ ಅದನ್ನು ‘ಅಪ್ಪ’ ಎಂದೇ ಕರೆಯುತ್ತಿದ್ದ.

“ನೋಡಿ ಹೇಗಾಗಿದಾನೆ ನಮ್ಮಪ್ಪ,” ಎಂದ ಹಿರಿಯರಿಗೆ. “ಇವನ ತಾಯಿಗೆ ಬೇರೆ ತಟ್ಟೆ ಬೇಕು ಅಂತ ಒಬ್ಬ ಕುಣಿದಿದ್ದ, ನೆನಪಿದೆಯಾ? ನನ್ನ ಚೀಟಿ ಊಟ ಉಂಡೇ ಈ ಮನೆ ಹೀಗಾಗಿದ್ದು. ಏನಪ್ಪಾ ದೋಣಿ ಡಾಕ್ಟರೇ, ಈಗೇನಂತೀಯ?”

ಹಿರಿಯರು ನಕ್ಕರು. ಬಿರಾಮನ ಕಿವಿ ಕಾದವು. ಒಂದಲ್ಲ, ಹತ್ತು ಉತ್ತರ ನಾಲಿಗೆಯ ತುದಿಗೆ ಬಂದು ನಿಂತವು. ಒಂದು ಬೆರಳಿನಿಂದ ಆ ಅನ್ನದ ಹೊದಿಕೆಯನ್ನು ಸರಿಸಿದರೆ ಸಾಕಿತ್ತು, ಎಲ್ಲ ಬಯಲಾಗುತ್ತಿತ್ತು. ಮೀನು ಮುರಿಯುತ್ತಿದ್ದ ಪೆಂದಾಳ ಕೈ ಹರಿವಾಣದ ನಡುವೆ ನಿಂತಿತು. ಅವಳು ಅವನ ಕಡೆ ನೋಡಲಿಲ್ಲ. ಬೇಡಲೂ ಇಲ್ಲ. ಬಿರಾಮ ಅಣ್ಣನ ಎಡಗೈಯನ್ನು ನೋಡಿದ. ಮಗುವಿನ ಎರಡೂ ಪುಟ್ಟ ಪಾದಗಳನ್ನು ಅದು ಮುಚ್ಚಿ ಹಿಡಿದಿತ್ತು...

ಅವನು ತನ್ನ ಎದುರಿನ ಕೊನೆಯ ತುತ್ತನ್ನು ಉಂಡು, ಎದ್ದು ಕೈ ತೊಳೆದ. ಗೋಡೆಗೆ ಒರಗಿಸಿದ್ದ ಬಾಚಿಯನ್ನು ಹೆಗಲಿಗೇರಿಸಿದ. ಅಣ್ಣ ಹಿಂದಿನಿಂದ, ಉತ್ತರ ಎಲ್ಲೋ, ಎಂದು ಕೂಗುತ್ತಲೇ ಇದ್ದ. ಪೆಂದಾಳ ಕೈ ಮತ್ತೆ ಆಡಿದ ಸದ್ದು ಕೇಳಿಸಿತು, ಹರಿವಾಣಕ್ಕೆ ಬಳೆ ತಗುಲಿದ ಸದ್ದು. ಬಿರಾಮ ತಿರುಗದೆ ಅಂಗಳ ದಾಟಿ ಕಡಲಿನ ಕಡೆಗೆ ನಡೆದುಬಿಟ್ಟ.